ನುಡಿಯುವ ನೇಯ್ಗೆ

ಗೋಡೆಗೆ ತೂಗಹಾಕಿದ ಉಣ್ಣೆಯ ನೇಯ್ಗೆಯೊಂದರ ಮುಂದೆ ಮೊಬೈಲ್ ಫೋನನ್ನು ಹಿಡಿದರೆ, ಮಪುಚೆ ಜನಾಂಗದವರ ಮಾತುಗಳುಳ್ಳ ಚಲಚ್ಚಿತ್ರವೊಂದು ಅದರಲ್ಲಿ ತೆರೆದುಕೊಳ್ಳುವುದು! ಇದು ಇಂದ್ರಜಾಲವಲ್ಲ. ಚಿಲಿ ದೇಶದಲ್ಲಿ ಹುಟ್ಟಿ, ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ನೆಲೆಸಿದ ಕಲಾವಿದ ಗಿಯೆರ್ಮೊ ಬೆರ್ಟ್ ಅವರು ಚಿಲಿಯ ಮಪುಚೆ ನೇಕಾರ್ತಿಯರೊಡನೆ ಕೂಡಿ ರಚಿಸಿದ ಕೃತಿಗಳ ಗುಣವಿದು.

‘ಮಪು’ ಎಂದರೆ ನೆಲ, ‘ಚೆ’ ಎಂದರೆ ಜನ. ಇಂತಹ ಹೆಸರುಳ್ಳವರಲ್ಲಿ ಅನೇಕರು ಇಂದು ತಮ್ಮ ನೆಲವನ್ನು ತೊರೆದು ಸಾಂಟಿಯಾಗೊ ಮೊದಲಾದ ಪಟ್ಟಣಗಳಲ್ಲಿ ಬಾಳುತ್ತಿದ್ದಾರೆ. ಅವರ ಮಪುದುಂಗುನ್ ಭಾಷೆಯನ್ನಾಡುವವರೂ ಕಡಿಮೆಯಾಗುತ್ತಿದ್ದಾರೆ. ತಾಯ್ನಾಡಿನಿಂದ ದೂರವಿರುವ ಕಲಾವಿದನಿಗೆ ಈ ಅಗಲಿಕೆ ಅಪರಿಚಿತವಲ್ಲ.

ಸರಕುಗಳ ಮೇಲೆ ಅಚ್ಚಾಗುವ ಕಪ್ಪು-ಬಿಳುಪು ಸಂಕೇತಗಳಿಗೂ ಮಪುಚೆ ಚಿತ್ತಾರಗಳಿಗೂ ಇರುವ ಹೋಲಿಕೆಯನ್ನು ಬೆರ್ಟ್ ಗಮನಿಸಿದರು. ಇದು ಕೇವಲ ಆಕಸ್ಮಿಕವೆ? ಅಲ್ಲವೆಂದೇ ನಮ್ಮ ಮತ. ಮಗ್ಗದಲ್ಲಿ ಹಾಸುಹೊಕ್ಕುಗಳು ಒಂದಕ್ಕೊಂದು ಲಂಬವಾಗಿ ಹಾಯುವುದರಿಂದ ಓರೆಗೆರೆಯು ಸಾಮಾನ್ಯವಾಗಿ ಮೆಟ್ಟಿಲುಮೆಟ್ಟಿಲಾಗಿಯೇ ಮೂಡುತ್ತದೆ. ಸಂಕೇತವೂ ಅಂತಹುದೇ ಚೌಕುಳಿಯ ಮೇಲೆ ನಿಂತಿದೆ. ಚೌಕದ ಬಣ್ಣವೇ ಒಂದು ಅಥವಾ ಸೊನ್ನೆಯನ್ನು ಸೂಚಿಸುತ್ತದೆ.

ಆದರೆ ಕೈನೂಲು ಏಕರೂಪವಾಗಿರದಷ್ಟೆ. ಎಳೆ ದಪ್ಪವಾಗಿ ಚೌಕ ಸೊಟ್ಟಗಾದರೆ ಯಂತ್ರವು ತಪ್ಪು ಓದದೆ? ಇಲ್ಲಿ ಗಣಿತವು ನೆರವಿಗೆ ಬರುತ್ತದೆ. ಸರಳರೇಖೆಯೊಂದನ್ನು ಗೊತ್ತುಮಾಡಲು ಎರಡು ಬಿಂದುಗಳು ಸಾಕು. ಎರಡರ ಬದಲು ಐದನ್ನು ಕೊಟ್ಟೆವೆನ್ನಿ. ಒಂದು ಬಿಂದು ಮೇಲಕ್ಕೋ ಕೆಳಕ್ಕೋ ಜಾರಿದರೆ, ಒಂದೇ ಸಾಲಿನಲ್ಲಿ ನಿಂತ ಉಳಿದ ನಾಲ್ಕು ಅದನ್ನು ಹಿಡಿದುಕೊಡುವುವು. ಅದು ಇರಬೇಕಾದ ಸ್ಥಾನವನ್ನೂ ತಿಳಿಸುವುವು. ರೇಖೆಯ ಬದಲು ಇನ್ನೂ ಜಟಿಲವಾದ ಸಮೀಕರಣಗಳನ್ನು ಬಳಸಿ 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬಿಬ್ಬರು ಈ ತತ್ತ್ವವನ್ನು ಬೆಳೆಸಿದರು. 1994ರಲ್ಲಿ ಜಪಾನಿನಲ್ಲಿ ಮಸಾಹಿರೊ ಹರ ಮತ್ತು ಸಂಗಡಿಗರು ರೂಪಿಸಿದ ಕ್ಯೂಆರ್ ಸಂಕೇತದಲ್ಲಿ ಇದರ ಬಲದಿಂದ, ಅತ್ಯಧಿಕ ರಕ್ಷಣೆಯಿದ್ದಾಗ, ಸುಮಾರು ಶೇಕಡ 30ರಷ್ಟು ಭಾಗ ಕೆಟ್ಟರೂ ಸಂದೇಶವು ಉಳಿಯುತ್ತದೆ.

ಬೆರ್ಟ್ ಅವರ ಕೆಲವು ಕೃತಿಗಳಲ್ಲಿರುವುದು 1995ರಲ್ಲಿ ರಚಿತವಾದ ಅಜ್ಟೆಕ್ ಸಂಕೇತ. ಅದರ ನಡುವಿನ ಚೌಕದೊಳಗಣ ಚೌಕಗಳು ಮೆಕ್ಸಿಕೊದ ಅಜ್ಟೆಕ್ ಪಿರಮಿಡ್ಡನ್ನು ಮೇಲಿನಿಂದ ಕಂಡಂತಿರುವುದರಿಂದ ಆ ಹೆಸರು.

ಇಲ್ಲೊಂದು ತೊಡಕುಂಟು. ಚಲಚ್ಚಿತ್ರವು ನೇಯ್ಗೆಯೊಳಗೆ ಹಿಡಿಸದು. ನೇಯ್ಗೆಯಲ್ಲಿರುವುದು ಅದರ ವಿಳಾಸ ಮಾತ್ರ. ಚಿತ್ರವನ್ನಿಟ್ಟ ದೂರದ ಗಣಕಯಂತ್ರವು ನಿಂತರೆ ಫೋನಿನಲ್ಲಿ ಏನೂ ಕಾಣದು. ಒಂದೆರಡು ವಾಕ್ಯಗಳನ್ನಾದರೋ ನೂಲಿನ ಚೌಕಗಳಲ್ಲೇ ಅಡಗಿಸಬಹುದು. ಸಂಕೇತದ ನಿಯಮಗಳನ್ನು ಬಲ್ಲ ವಿದ್ಯಾರ್ಥಿಯು ತಾಳ್ಮೆಯಿಂದ ಚೌಕಗಳನ್ನು ಎಣಿಸಿ, ಕಾಗದ ಪೆನ್ಸಿಲುಗಳಿಂದಲೇ ಅವನ್ನು ಓದಬಲ್ಲನು.