ಬಜಗೋಳಿಯ ಅಂಗಳದ ಬಿರುಕಿಗೂ ಅಂಡಮಾನ್ ಭೂಕಂಪಕ್ಕೂ ಸಂಬಂಧವಿದೆಯೇ?

ಭೂಕಂಪ ನಿಂತ ಮೇಲೂ ನೆಲ ವರ್ಷಗಟ್ಟಲೆ ಸರಿಯುತ್ತಿರುತ್ತದೆ ಎಂಬ ಮೆಸೇಜ್ ಬಂದರೆ ಅದು ಸುಳ್ಳಲ್ಲ. ಅದರಿಂದಲೇ ಬಜಗೋಳಿ ಕಡೆ ಅಂಗಳ ಬಿರುಕು ಬಿಡುತ್ತದೆ ಎಂದು ಯಾರಾದರೂ ಸೇರಿಸಿದರೆ ಮಾತ್ರ ನಂಬಬೇಡಿ.

2004ರ ಡಿಸೆಂಬರ್ 26ರ ಸುನಾಮಿ ನಿಮಗೆ ನೆನಪಿರಬಹುದು. ಅಂಡಮಾನ್ ದ್ವೀಪಗಳ ಅಡಿಗೆ ಭಾರತದ ಭೂಫಲಕ ನಿಧಾನವಾಗಿ ನುಗ್ಗುತ್ತಿದೆ. ಎರಡರ ನಡುವೆ ಸಿಕ್ಕಿಕೊಂಡಿದ್ದ ಜಾಗ ಅಂದು ಸುಮಾರು 1,300 ಕಿ.ಮೀ. ಉದ್ದಕ್ಕೆ ಕಳಚಿ ಜಾರಿತು. ಪೋರ್ಟ್ ಬ್ಲೇರ್ ಸುಮಾರು 1 ಮೀಟರ್ ತಗ್ಗಿತು. ಹತ್ತಿರದ ಸಿಪ್ಪಿಘಾಟ್‌ನ ಗದ್ದೆಗಳಲ್ಲಿ ಉಪ್ಪುನೀರು ನಿಂತಿತು. ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿಪಿಎಸ್ ಕೇಂದ್ರ ಕೂಡ ಒಂದೆರಡು ಸೆಂಟಿಮೀಟರ್ ಪೂರ್ವಕ್ಕೆ ಸರಿಯಿತು. ಹಾಗಿದ್ದರೆ 1432ರಿಂದ ಅಲುಗದೆ ನಿಂತ ಕಾರ್ಕಳದ ಬಾಹುಬಲಿಯೂ ಬಂಡೆಸಮೇತ ಒಂದಿಷ್ಟು ಸರಿದಿರಲೇಬೇಕು!

ಆಮೇಲೆ ಪೋರ್ಟ್ ಬ್ಲೇರ್ ಪಶ್ಚಿಮಕ್ಕೆ ಸರಿಯುತ್ತಲೇ ನಿಧಾನವಾಗಿ ಮೇಲೇಳತೊಡಗಿತು. ಇದಕ್ಕೆ ಮುಖ್ಯವಾಗಿ ಎರಡು ಕಾರಣ. ಮೊದಲನೆಯದು, ಕಳಚಿದ ಬಿರುಕಿನ ಆಳದ ಭಾಗ ಸದ್ದಿಲ್ಲದೆ ಜಾರುತ್ತಿರುವುದು. ಇದು ಮೊದಲ ತಿಂಗಳುಗಳಲ್ಲಿ ಜೋರಾಗಿದ್ದು ಕ್ರಮೇಣ ತಗ್ಗುತ್ತದೆ. ಎರಡನೆಯದು ಇನ್ನೂ ಆಳದ ಬಿಸಿ ಶಿಲೆಯ ಹರಿವು. ಗಟ್ಟಿ ಡಾಂಬರಿಗೆ ಸುತ್ತಿಗೆಯಿಂದ ಹೊಡೆದರೆ ಚೂರಾಗುತ್ತದೆ, ಹಾಗೇ ಬಿಟ್ಟರೆ ದಿನ ಕಳೆದಂತೆ ಹರಡುತ್ತದೆ. ಆ ಶಿಲೆಯೂ ಹಾಗೆಯೇ, ದಶಕಗಳ ಕಾಲ ಹರಿಯುತ್ತದೆ.

ಎರಡರಲ್ಲಿ ಯಾವುದರ ಪಾಲು ಎಷ್ಟು? ವಿಜ್ಞಾನಿಗಳು ಜಾರುವಿಕೆಯ ಪ್ರಮಾಣ, ಶಿಲೆಯ ಜಿಗುಟುತನ ಇವುಗಳಿಗೆ ಒಂದೊಂದು ಅಂದಾಜು ಕೊಟ್ಟು, ಪ್ರತಿ ಜಿಪಿಎಸ್ ಕೇಂದ್ರ ಎಷ್ಟು ಸರಿಯಬೇಕಿತ್ತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಅಳತೆಗೆ ಹೊಂದದಿದ್ದರೆ ಅಂದಾಜು ಬದಲಿಸಿ ಮತ್ತೆ ಲೆಕ್ಕ. ಆರಂಭದಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ವರ್ಷಗಳ ಅಳತೆ ಬೇಕಾಗುತ್ತದೆ. ಒತ್ತಡ ಪಕ್ಕದ ಯಾವ ಭಾಗಕ್ಕೆ ಹೋಯಿತು ಎಂಬುದೂ ಇದರಿಂದ ತಿಳಿಯುತ್ತದೆ. 2005ರ ಮಾರ್ಚ್ 28ರಂದು ದಕ್ಷಿಣಕ್ಕಿರುವ ನಿಯಾಸ್ ದ್ವೀಪದ ಬಳಿ 8.6 ತೀವ್ರತೆಯ ಭೂಕಂಪವಾಯಿತು. ಆದರೆ ಇಂಥ ಲೆಕ್ಕ ಮುಂದಿನ ಭೂಕಂಪದ ತಾರೀಕು ಹೇಳುವುದಿಲ್ಲ. ತಾರೀಕು ಹಾಕಿದ ಫಾರ್ವರ್ಡ್ ಬಂದರೆ ಅಲ್ಲೇ ಅಳಿಸಿಬಿಡಿ.

ಇನ್ನು ಅಂಗಳದ ಬಿರುಕು. ಅಷ್ಟು ದೂರದ ಭೂಕಂಪದಿಂದ ನಮ್ಮೂರು ಸರಿದರೂ ಮನೆ, ಬಾವಿ, ತೋಟ, ಗುಡ್ಡ ಎಲ್ಲವೂ ಒಟ್ಟಿಗೇ ಸರಿಯುತ್ತವೆ. ನಡುವೆ ಬಿರುಕು ಬೀಳುವುದಿಲ್ಲ. ಘಟ್ಟದ ಬುಡದಲ್ಲಿ ಮಳೆಗಾಲದ ಬಿರುಕಿಗೆ ಕಾರಣ ಇಲ್ಲೇ ಇರುತ್ತದೆ: ನೀರು ಕುಡಿದ ಮಣ್ಣು, ಮನೆ ಕಟ್ಟಲು ಕಡಿದ ಗುಡ್ಡ. ಬಿರುಕು ಅಗಲವಾಗುತ್ತಿದ್ದರೆ, ಧರೆಯಿಂದ ಕೆಸರುನೀರು ಒಸರುತ್ತಿದ್ದರೆ, ಮರ ಅಥವಾ ಕಂಬ ವಾಲಿದ್ದರೆ ಭೂಕುಸಿತ ಸಮೀಪಿಸಿರಬಹುದು. ಫೋಟೋ ತೆಗೆಯುತ್ತಾ ನಿಲ್ಲದೆ ಮನೆಯವರೆಲ್ಲ ಹೊರಟು, ಪಂಚಾಯತ್‌ಗೆ ಅಥವಾ ಜಿಲ್ಲಾ ಸಹಾಯವಾಣಿ 1077ಕ್ಕೆ ತಿಳಿಸಿ.