ಪೆಟ್ಟಾದ ಕಣ್ಣು ಮತ್ತೆ ಕಾಣುವುದೇ? ಒಂದು ಕಳೆಯುವ ಲೆಕ್ಕ

ಮಕ್ಕಳೇ, ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ಕಾಮಾಕ್ಷಿಪಾಳ್ಯಗಳಲ್ಲಿ ಅನೇಕ ಸಣ್ಣ ಕಾರ್ಖಾನೆಗಳಿವೆ. ಅಲ್ಲಿ ಲೇತ್ ಯಂತ್ರದಿಂದ ಹಾರಿದ ಕಬ್ಬಿಣದ ಚೂರು ಕಣ್ಣಿಗೆ ನಾಟಬಹುದು. ದೀಪಾವಳಿಯಲ್ಲಿ ಪಟಾಕಿ ಹಚ್ಚುವವರಿಗೆ ಮಾತ್ರವಲ್ಲ, ಪಕ್ಕದಲ್ಲಿ ನಿಂತು ನೋಡುವವರಿಗೂ ಕಣ್ಣಿಗೆ ಪೆಟ್ಟಾಗುತ್ತದೆ. ಇಂಥವರನ್ನು ರಾಜಾಜಿನಗರದ ನಾರಾಯಣ ನೇತ್ರಾಲಯಕ್ಕೋ 1896ರಲ್ಲಿ ಆರಂಭವಾದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆಗೋ ಕರೆತರುತ್ತಾರೆ. ಆಗ ಮನೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: "ಡಾಕ್ಟ್ರೇ, ಮತ್ತೆ ಕಣ್ಣು ಕಾಣುತ್ತದೆಯೇ?"

ಇದಕ್ಕೆ ಊಹೆಯಿಂದ ಉತ್ತರ ಹೇಳುವಂತಿಲ್ಲ. 2002ರಲ್ಲಿ ಫೆರೆಂಟ್ಸ್ ಕೂನ್ ಎಂಬ ನೇತ್ರತಜ್ಞರು ಮತ್ತು ಅವರ ಸಂಗಡಿಗರು ಇದಕ್ಕೊಂದು ಲೆಕ್ಕ ಪ್ರಕಟಿಸಿದರು. ಅಮೆರಿಕ ಮತ್ತು ಹಂಗೇರಿಯಲ್ಲಿ ಗಾಯಗೊಂಡ 2,500ಕ್ಕೂ ಹೆಚ್ಚು ಕಣ್ಣುಗಳ ದಾಖಲೆಗಳನ್ನು ಅವರು ಪರಿಶೀಲಿಸಿದ್ದರು. ಈ ಲೆಕ್ಕ ನೀವೂ ಮಾಡಬಹುದಾದಷ್ಟು ಸುಲಭ!

ಮೊದಲು ಅಂಕ ಕೊಡಿ

ಗಾಯವಾದ ಕಣ್ಣಿಗೆ ಮೊದಲ ಪರೀಕ್ಷೆಯಲ್ಲಿ ಎಷ್ಟು ಕಾಣುತ್ತದೆ?

• ಅಕ್ಷರಗಳ ಫಲಕವನ್ನು ಚೆನ್ನಾಗಿ ಓದಿದರೆ (6/12 ಅಥವಾ ಅದಕ್ಕಿಂತ ಉತ್ತಮ) – 100
• ಫಲಕದ ದೊಡ್ಡ ಅಕ್ಷರಗಳಷ್ಟೇ ಕಂಡರೆ – 90
• ಅವೂ ಕಾಣದೆ, ಹತ್ತಿರ ಹಿಡಿದ ಬೆರಳುಗಳನ್ನು ಎಣಿಸುವಷ್ಟು ಕಂಡರೆ – 80
• ಕೈ ಆಡಿಸಿದ್ದು ಅಥವಾ ಬೆಳಕು ಮಾತ್ರ ತಿಳಿದರೆ – 70
• ಬೆಳಕೂ ತಿಳಿಯದಿದ್ದರೆ – 60

ಆಮೇಲೆ ಕಳೆಯಿರಿ

• ಬಲವಾದ ಪೆಟ್ಟಿಗೆ ಕಣ್ಣುಗುಡ್ಡೆ ಒಡೆದಿದ್ದರೆ – 23
• ಕಣ್ಣಿನೊಳಗೆ ಕೀವಿನ ಸೋಂಕಾಗಿದ್ದರೆ – 17
• ಚೂರು ಕಣ್ಣುಗುಡ್ಡೆಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ತೂತು ಮಾಡಿದ್ದರೆ – 14
• ಹಿಂಭಾಗದ ಅಕ್ಷಿಪಟಲ (ರೆಟಿನಾ) ಕಳಚಿದ್ದರೆ – 11
• ಬೆಳಕಿಗೆ ಪಾಪೆ ಸರಿಯಾಗಿ ಕಿರಿದಾಗದಿದ್ದರೆ – 10

ಕೊನೆಯ ಅಂಶ ಏಕೆ ಗೊತ್ತೇ? ಬೆಳಕಿನ ಸುದ್ದಿಯನ್ನು ಅಕ್ಷಿಪಟಲವೂ ದೃಷ್ಟಿನರವೂ ಮಿದುಳಿಗೆ ಮುಟ್ಟಿಸಿದರೆ ಮಾತ್ರ ಪಾಪೆ ಸರಿಯಾಗಿ ಕಿರಿದಾಗುತ್ತದೆ. ಆದ್ದರಿಂದ ಒಂದು ಟಾರ್ಚ್ ಸಾಕು, ಒಳಗಿನ ಹಾನಿಯ ಸುಳಿವು ಸಿಗುತ್ತದೆ.

ಒಂದು ಉದಾಹರಣೆ

ಒಬ್ಬ ಕೆಲಸಗಾರನ ಕಣ್ಣಿಗೆ ಕಬ್ಬಿಣದ ಚೂರು ನಾಟಿದೆ ಎಂದುಕೊಳ್ಳೋಣ. ಆತ ಬೆರಳು ಎಣಿಸಬಲ್ಲ. ಬೇರೆ ತೊಂದರೆಯಿಲ್ಲ. ಅಂಕ 80. ಇಂಥ 100 ಕಣ್ಣುಗಳಲ್ಲಿ 40ಕ್ಕೂ ಹೆಚ್ಚು ಕಣ್ಣುಗಳಿಗೆ ಚಿಕಿತ್ಸೆಯ ನಂತರ ಒಳ್ಳೆಯ ದೃಷ್ಟಿ, ಅಂದರೆ 6/12 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ, ಬರುತ್ತದೆ.

ಅದೇ ಕಣ್ಣಿಗೆ ಸೋಂಕು ತಗುಲಿದರೆ? 80 – 17 = 63. ಈಗ 100 ಕಣ್ಣುಗಳಲ್ಲಿ ಸುಮಾರು 15ಕ್ಕೆ ಮಾತ್ರ ಅಂಥ ದೃಷ್ಟಿ! 92ಕ್ಕಿಂತ ಕಡಿಮೆಯಿಲ್ಲದ ಅಂಕ ಬಂದರೆ 100ರಲ್ಲಿ 90ಕ್ಕೂ ಹೆಚ್ಚು ಕಣ್ಣುಗಳಿಗೆ ಒಳ್ಳೆಯ ದೃಷ್ಟಿ ಸಿಗುತ್ತದೆ. 45ಕ್ಕಿಂತ ಕಡಿಮೆಯಾದರೆ ಸುಮಾರು ಒಂದಕ್ಕೆ ಮಾತ್ರ.

ಆದರೆ ಒಂದು ಮಾತು. ಈ ಲೆಕ್ಕ ನೂರು ಕಣ್ಣುಗಳ ಬಗ್ಗೆ ಹೇಳುತ್ತದೆ. ನಮ್ಮ ಮುಂದಿರುವ ಒಂದು ಕಣ್ಣು ಆ ನೂರರಲ್ಲಿ ಯಾವುದು ಎಂದು ಹೇಳಲಾರದು. ಆದ್ದರಿಂದ ಅಂಕ ಕಡಿಮೆಯೆಂದು ವೈದ್ಯರು ಚಿಕಿತ್ಸೆ ಬಿಡುವುದಿಲ್ಲ.

ನಮ್ಮ ಕೈಯಲ್ಲಿರುವುದೇನು?

ಪೆಟ್ಟು ಬಿದ್ದ ಮೇಲೆ ಒಡೆದ ಕಣ್ಣುಗುಡ್ಡೆಯನ್ನು ನಾವು ಸರಿಮಾಡಲಾರೆವು. ಆದರೆ ಆ 17 ಅಂಕ ಕಳೆಯದಂತೆ ಪ್ರಯತ್ನಿಸಬಹುದು. ತಡಮಾಡಿದಷ್ಟೂ ಸೋಂಕಿನ ಅಪಾಯ ಹೆಚ್ಚು. ಅದಕ್ಕಾಗಿ:

1. ಕಣ್ಣನ್ನು ಉಜ್ಜಬೇಡಿ, ಒತ್ತಬೇಡಿ.
2. ನಾಟಿದ ಚೂರನ್ನು ಕೀಳಬೇಡಿ.
3. ಹರಳೆಣ್ಣೆ, ಎದೆಹಾಲು, ನಂದಿಬಟ್ಟಲ ರಸ – ಯಾವುದನ್ನೂ ಹಾಕಬೇಡಿ.
4. ಕಣ್ಣಿಗೆ ತಾಗದಂತೆ ಕಾಗದದ ಲೋಟವನ್ನು ಮೇಲೆ ಮುಚ್ಚಿ, ಕೂಡಲೇ ಕಣ್ಣಾಸ್ಪತ್ರೆಗೆ ಹೋಗಿ.
5. ಸುಣ್ಣ ಅಥವಾ ಆಸಿಡ್ ಬಿದ್ದರೆ ಮಾತ್ರ ಬೇರೆ ಕ್ರಮ: ಮೊದಲು ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು, ನಂತರ ಆಸ್ಪತ್ರೆಗೆ ಹೋಗಬೇಕು.

ಮಾಡಿ ನೋಡಿ

ಮಂದ ಬೆಳಕಿನ ಕೋಣೆಯಲ್ಲಿ ಕನ್ನಡಿ ಹಿಡಿದು ನಿಮ್ಮ ಪಾಪೆಯನ್ನು ಗಮನಿಸಿ. ಈಗ ಕಿಟಕಿ ತೆರೆಯಿರಿ. ಪಾಪೆ ಏನಾಯಿತು? ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದರ ಪಾಪೆಯನ್ನು ನೋಡಿ. ಅಂಗೈ ತೆಗೆದಾಗ ಅದೂ ಬದಲಾಗುವುದೇ? ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.