ತರಗತಿಗೆ ಬರಬೇಕಾದ ದನಿಗಳು

ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು ಅಕ್ಷರ ಕಲಿತವರಲ್ಲ. ಆದರೂ 12 ಜನಪದ ಮಹಾಕಾವ್ಯಗಳು ಅವರ ಕಂಠದಲ್ಲಿದ್ದವು. ಕಂಪ್ಲಿಯನ್ನಾಳಿದ ಮನೆತನದ ಕುಮಾರರಾಮನ ಕಥೆಯೂ ಅವುಗಳಲ್ಲೊಂದು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರ ಹಾಡಿಕೆಯನ್ನು ಸಂಗ್ರಹಿಸಿ ಗ್ರಂಥರೂಪಕ್ಕೆ ತಂದು, 2003ರಲ್ಲಿ ನಾಡೋಜ ಗೌರವ ನೀಡಿತು. 2014ರ ಆಗಸ್ಟಿನಲ್ಲಿ ಆ ತಾಯಿ ತೀರಿಕೊಂಡರು.

ಗ್ರಂಥವೇನೋ ಉಳಿಯಿತು. ಆದರೆ ಬುರ್ರಕಥೆಯ ರಾಗ, ನಿಲುಗಡೆ, ಹಿಮ್ಮೇಳದವರ ಹೂಂಗುಟ್ಟುವಿಕೆ ಇವನ್ನು ಅಚ್ಚಿನ ಪುಟ ಹಿಡಿದಿಡಲಾರದು. ಅದು ಧ್ವನಿಮುದ್ರಣದ ಕೆಲಸ. ಹಿಂದೆ ಭಾರದ ಟೇಪ್ ರೆಕಾರ್ಡರ್ ಹೊತ್ತು ಮಾಡುತ್ತಿದ್ದ ಆ ಕೆಲಸವನ್ನು ಇಂದು ಶಿಕ್ಷಕರ ಜೇಬಿನ ಮೊಬೈಲೇ ಮಾಡುತ್ತದೆ.

ಮಠದಲ್ಲಿ ನಾವು ವಚನಗಳನ್ನು ಕಲಿತದ್ದು ಗುರುಗಳ ಬಾಯಿಂದ. ನನ್ನ ಮಹಾಪ್ರಾಣಗಳು ಜಾರುತ್ತಿದ್ದುದು ನನಗೇ ಕೇಳಿಸುತ್ತಿರಲಿಲ್ಲ. ಅವರು ಹತ್ತು ಸಲ ಹೇಳಿಸಿ ತಿದ್ದುತ್ತಿದ್ದರು. ಇಂದಿನ ಮಗು ತನ್ನ ಓದನ್ನು ತಾನೇ ಕೇಳಿ ತಿದ್ದಿಕೊಳ್ಳಬಲ್ಲದು. (ಮಗುವಿನ ತಪ್ಪನ್ನು ಎಲ್ಲರಿಗೂ ಕೇಳಿಸಿ ನಗುವ ಉಪಾಧ್ಯಾಯರ ಕೈಗೆ ಮಾತ್ರ ಈ ಯಂತ್ರ ಸಿಕ್ಕದಿರಲಿ!) ಆ ಗುರುಗಳ ದನಿಯ ಒಂದು ತುಣುಕೂ ಈಗ ನನ್ನಲ್ಲಿಲ್ಲ.

ಹೊಸಪೇಟೆ, ಕಂಪ್ಲಿಗಳ ಮಕ್ಕಳು ತಮ್ಮ ಅಜ್ಜಿಯರ ಬೀಸುವ ಪದ, ಸೋಬಾನೆಗಳನ್ನು ಮುದ್ರಿಸಿ ತಂದು ತರಗತಿಯಲ್ಲಿ ಕೇಳಿಸಲಿ. ಹಾಡಿಗೆ ಮೊದಲು ಹಾಡುವವರ ಹೆಸರು, ಊರು, ದಿನಾಂಕಗಳನ್ನು ಅವರಿಂದಲೇ ಹೇಳಿಸಬೇಕು. ಇಲ್ಲವಾದರೆ ಹತ್ತು ವರ್ಷಗಳ ನಂತರ ಅದು ಯಾರ ದನಿಯೆಂದೇ ತಿಳಿಯದು. ಅನ್ಯರಿಗೆ ಕಳುಹಿಸುವ ಮುನ್ನ ಅಜ್ಜಿಯ ಒಪ್ಪಿಗೆ ಕೇಳುವುದನ್ನೂ ಮಕ್ಕಳಿಗೆ ಕಲಿಸಬೇಕು. ಅಜ್ಜಿ ಬೇಡವೆಂದರೆ ಆ ಹಾಡು ಮನೆಯಲ್ಲಿಯೇ ಇರಲಿ.